ಕೆಟ್ಟಿದ್ದು ರಿಮೋಟಲ್ಲ

ಹುಬ್ಬಳ್ಳಿಯ ಬೆಂಗೇರಿಯಲ್ಲಿದ್ದ ಹನಮೇಶನ ಮನೆಗೆ ಬಂದ ವಿಡಿಯೋ ಗೇಮ್ ಯಾರೂ ಬೇಡಿ ತರಿಸಿಕೊಂಡದ್ದಲ್ಲ. ಟಿವಿ ರಿಪೇರಿಯ ಮೆಹಬೂಬನ ಅಂಗಡಿಯಲ್ಲಿ ಯಾರೋ ದುರಸ್ತಿಗೆ ಕೊಟ್ಟು ಮರೆತೇಹೋಗಿದ್ದ ಬೂದು ಬಣ್ಣದ ಡಬ್ಬಿ ಅದು. ಹನಮೇಶ ಒಂದು ಸಂಜೆ ಆಂಟೆನಾದ ವಾಯರು ಕೇಳಿಕೊಂಡು ಹೋದಾಗ ಮೆಹಬೂಬ ಅದನ್ನು ಹಳೇ ಪೇಪರಿನಲ್ಲಿ ಸುತ್ತಿ ಕೈಗಿಟ್ಟಿದ್ದ.

"ಹುಡುಗೂರು ಆಡ್ಲಿ, ತಗೊಂಡು ಹೋಗ್ರಿ. ಇಲ್ಲಿದ್ರ ಇಲಿ ವಾಯರ್ ಕಡೀತಾವ."

ಅದು ಎರಡು ಸಾವಿರದ ಎರಡನೆಯ ಇಸವಿ. ಹುಬ್ಬಳ್ಳಿಯ ಉಳ್ಳವರ ಮನೆಗಳಲ್ಲಿ ಆಗಲೇ ಸಿಡಿ ಹಾಕಿ ಆಡುವ ಗೇಮುಗಳು ಬಂದಿದ್ದವು. ಈ ಡಬ್ಬಿಗೆ ಮಾತ್ರ ಇಟ್ಟಿಗೆಯಂಥ ಕ್ಯಾಸೆಟ್ ಬೇಕು. ಅದರ ಜೊತೆ ಬಂದಿದ್ದದ್ದೂ ಒಂದೇ ಕ್ಯಾಸೆಟ್, ಕಾರಿನ ರೇಸು. ಅದನ್ನು ಬಾಯಿಯಿಂದ ಊದಿ, ಧೂಳು ಹಾರಿಸಿ, ಒತ್ತಿ ಕೂರಿಸಿದರೆ ಟಿವಿಯಲ್ಲಿ ಒಂದು ಕಪ್ಪು ರಸ್ತೆ ಮೂಡುತ್ತಿತ್ತು. ಎರಡೂ ಬದಿಗೆ ಹಸಿರು ಹುಲ್ಲು, ನಡುವೆ ಬೆನ್ನು ತೋರಿಸಿಕೊಂಡು ಓಡುವ ಕೆಂಪು ಕಾರು. ರಿಮೋಟಿನ ಒಂದು ಗುಂಡಿ ಒತ್ತಿ ಹಿಡಿದರೆ ವೇಗ. ಎಡಗೈಯ ಹೆಬ್ಬೆರಳಿನಲ್ಲಿ ಎಡಕ್ಕೆ ಬಲಕ್ಕೆ ತಿರುಗಿಸುವುದು. ತಿರುವಿನಲ್ಲಿ ತಿರುಗಿಸದಿದ್ದರೆ ಕಾರು ಹುಲ್ಲಿಗಿಳಿದು, ಬಾಣದ ಗುರುತಿನ ಹಲಗೆಗೆ ಬಡಿದು ಪಲ್ಟಿ ಹೊಡೆಯುತ್ತಿತ್ತು.

ಮಕ್ಕಳಿಗೆಂದು ತಂದ ಆಟಕ್ಕೆ ಮೊದಲು ಅಂಟಿಕೊಂಡವನು ಹನಮೇಶನೇ. ಸುಳ್ಳ ಎಂಬ ಹಳ್ಳಿಯ ಹೊಳೆಯಪ್ಪನ ಎರಡನೆಯ ಮಗ ಅವನು. ಹೊಲ ಅಣ್ಣನ ಪಾಲಿಗೆ ಬಿಟ್ಟು ಹರೆಯದಲ್ಲೇ ಹುಬ್ಬಳ್ಳಿಗೆ ಬಂದು, ಗಬ್ಬೂರಿನಾಚೆಯ ಒಂದು ವರ್ಕ್‌ಶಾಪಿನಲ್ಲಿ ಕಬ್ಬಿಣ ಕಡೆಯುವ ಲೇಥ್ ಮಷೀನು ನಡೆಸುತ್ತಿದ್ದ. ಮಾತು ಕಡಿಮೆ, ಕೈ ಗಟ್ಟಿ. ಸಂಜೆ ಬಂದು ಕೈಕಾಲು ತೊಳೆದು, ಚಹಾ ಕುಡಿದು, ಲುಂಗಿ ಮಡಚಿಕೊಂಡು ಟಿವಿಯ ಮುಂದೆ ಕೂತರೆ ಅವನನ್ನು ಸೋಲಿಸುವವರಿರಲಿಲ್ಲ. ಎರಡನೆಯ ಇಯತ್ತೆಯ ಮುತ್ತು ಅಪ್ಪನ ತೊಡೆಗೆ ಒರಗಿ ಬಾಯಿ ತೆರೆದು ನೋಡುತ್ತಿದ್ದ. ಹತ್ತನೆಯ ಇಯತ್ತೆಯಲ್ಲಿದ್ದ ಕಾವೇರಿ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ತನ್ನ ಪಾಳಿಗೆ ಕಾಯುತ್ತಿದ್ದಳು. ನಗುವುದೇ ಅಪರೂಪವಾಗಿದ್ದ ಅಪ್ಪ ಆ ಆಟದ ಮುಂದೆ ನಗುತ್ತಿದ್ದ. ಅವಳಿಗೆ ಅದೇ ಒಂದು ಹಬ್ಬ.

ಮಳೆಗಾಲ ಮುಗಿಯುತ್ತ ಬಂದ ಒಂದು ಸಂಜೆ. ಒಳಗೆ ಭುವನೇಶ್ವರಿ ರೊಟ್ಟಿ ಬಡಿಯುತ್ತಿದ್ದಳು. ಕೆಂಪು ಕಾರು ಉದ್ದನೆಯ ನೇರ ದಾರಿ ದಾಟಿ ಎಡ ತಿರುವಿಗೆ ಬಂತು. ಹನಮೇಶ ಕಣ್ಣು ಮುಚ್ಚಿಕೊಂಡೇ ತಿರುಗಿಸಬಲ್ಲಂಥ ತಿರುವು. ಕಾರು ತಿರುಗಲಿಲ್ಲ. ಹುಲ್ಲಿಗಿಳಿದು ಹಲಗೆಗೆ ಬಡಿಯಿತು, ಪಲ್ಟಿಯಾಯಿತು. ಎದ್ದು ನಿಂತು ಮತ್ತೆ ಓಡಿತು, ಮತ್ತೆ ಬಡಿಯಿತು. ವೇಗದ ಗುಂಡಿಯ ಮೇಲಿನ ಬೆರಳು ಮಾತ್ರ ಸಡಿಲಾಗಿರಲಿಲ್ಲ.

"ಅಪ್ಪಾ ಔಟ್," ಎಂದು ಮುತ್ತು ಚಪ್ಪಾಳೆ ತಟ್ಟಿದ.

ಕಾವೇರಿ ಅಪ್ಪನ ಮುಖ ನೋಡಿದಳು. ಕಣ್ಣು ತೆರೆದಿದ್ದವು, ಟಿವಿಯ ಕಡೆಗೇ ಇದ್ದವು, ಆದರೆ ಅವು ಟಿವಿಯನ್ನು ನೋಡುತ್ತಿರಲಿಲ್ಲ. ತುಟಿಗಳು ಏನನ್ನೋ ಮೆಲ್ಲುವಂತೆ ಸಣ್ಣಗೆ ಚಪ್ಪರಿಸುತ್ತಿದ್ದವು. ಎಡಗೈ ರಿಮೋಟು ಬಿಟ್ಟು ಲುಂಗಿಯ ಅಂಚನ್ನು ಚಿವುಟುತ್ತಿತ್ತು, ಬಿಡುತ್ತಿತ್ತು, ಮತ್ತೆ ಚಿವುಟುತ್ತಿತ್ತು.

"ಅಪ್ಪಾ," ಎಂದಳು. ಇನ್ನೊಮ್ಮೆ ಕರೆಯಬೇಕೆನ್ನುವಷ್ಟರಲ್ಲಿ ಅವನ ಮುಖಕ್ಕೆ ಜೀವ ಬಂತು. ಸುತ್ತಲೂ ನೋಡಿದ. ಇದು ಯಾರ ಮನೆಯೆಂದು ಕೇಳುವವನ ನೋಟ. ಆಮೇಲೆ ಕೈಯಲ್ಲಿದ್ದುದನ್ನು ನೋಡಿಕೊಂಡ.

"ಈ ರಿಮೋಟ್ ಕೆಟ್ಟೈತಿ. ಗುಂಡಿ ಹಿಡಿಯೂದಿಲ್ಲ," ಎಂದು ಅದನ್ನು ನೆಲಕ್ಕಿಟ್ಟು ಎದ್ದುಹೋದ.

ಮುತ್ತುವನ್ನು ನಗಿಸಲೆಂದೇ ಅಪ್ಪ ಬೇಕಂತ ಸೋತಿರಬೇಕು ಎಂದುಕೊಂಡಳು ಕಾವೇರಿ. ಹಾಗೆಂದುಕೊಂಡರೆ ಸಮಾಧಾನವಿತ್ತು. ಆದರೆ ಆ ತುಟಿ ಚಪ್ಪರಿಸುವುದು ಕಣ್ಣಿನಿಂದ ಹೋಗಲಿಲ್ಲ. ಆ ವಾರ ಮತ್ತೆ ಹಾಗಾಯಿತು, ಬೇರೆ ತಿರುವಿನಲ್ಲಿ. ಈ ಸಲ ಅವಳು ಆಟ ನೋಡುತ್ತಿರಲಿಲ್ಲ, ಅಪ್ಪನನ್ನೇ ನೋಡುತ್ತಿದ್ದಳು. ಅದೇ ಕಣ್ಣು, ಅದೇ ತುಟಿ, ಅಂಚು ಚಿವುಟುವ ಅದೇ ಬೆರಳು. ಟಿವಿಯೊಳಗೆ ಕಾರು ಹಲಗೆಗೆ ಬಡಿಯುತ್ತಲೇ ಇತ್ತು. ಅಲ್ಲಿ ಕೂತಿದ್ದವನು ಅಪ್ಪನ ಮೈ ಮಾತ್ರ; ಅಪ್ಪ ಎಲ್ಲೋ ಹೋಗಿದ್ದ.

ಹನಮೇಶ ಮತ್ತೆ ರಿಮೋಟನ್ನೇ ಬೈದ. ಮರುದಿನ ಅದನ್ನು ಕಾವೇರಿಯ ಕೈಯಲ್ಲಿ ಮೆಹಬೂಬನ ಅಂಗಡಿಗೆ ಕಳಿಸಿದ. ಮೆಹಬೂಬ ಅದನ್ನು ಬಿಚ್ಚಿ, ಒಳಗಿನ ರಬ್ಬರು ಒರೆಸಿ, ತನ್ನ ಟಿವಿಗೇ ಹಚ್ಚಿ ಒಂದು ಸುತ್ತು ಆಡಿ ನೋಡಿದ.

"ಏನೂ ಆಗಿಲ್ಲವಾ ಇದಕ್ಕ. ಛಲೋ ಐತಿ. ನಿಮ್ಮಪ್ಪಗ ಹೇಳು, ಕೆಟ್ಟಿದ್ದು ರಿಮೋಟಲ್ಲ, ಆಡಾಂವ ಅಂತ," ಎಂದು ನಕ್ಕ.

ಕಾವೇರಿ ನಗಲಿಲ್ಲ. ರಿಮೋಟು ಹಿಡಿದುಕೊಂಡು ಮನೆಯ ದಾರಿ ಹಿಡಿದವಳಿಗೆ ಓಣಿಯ ತಿರುವಿನಲ್ಲಿ ಒಂದು ವಿಚಾರ ಎದೆಗೆ ಬಂದು ಬಡಿಯಿತು. ಅವಳು ಅಲ್ಲೇ ನಿಂತುಬಿಟ್ಟಳು. ಇದು ಟಿವಿಯ ಮುಂದೆ ಕೂತಾಗಲಷ್ಟೇ ಆಗಬೇಕೆಂದೇನಿದೆ? ದಿನಾ ಮುಂಜಾನೆ ಅಪ್ಪ ತನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಸಾಲೆಗೆ ಬಿಟ್ಟು, ಅಲ್ಲಿಂದ ಗಬ್ಬೂರಿನ ತನಕ ಲಾರಿಗಳ ನಡುವೆ ಹೋಗುತ್ತಾನಲ್ಲ.

ಅಂದಿನಿಂದ ಮುಂಜಾನೆಗಳು ಅವಳಿಗೆ ಶಿಕ್ಷೆಯಾದವು. ಮೊದಲು ಹಿಂದೆ ಕೂತು ಪಾಠ ಬಾಯಿಪಾಠ ಮಾಡುತ್ತ ಹೋಗುತ್ತಿದ್ದ ಹುಡುಗಿ ಈಗ ಬೆಂಗೇರಿ ಬಿಡುವಾಗಲೇ ಮಾತು ಶುರು ಮಾಡುತ್ತಿದ್ದಳು. ಮಾತಿಗೆ ಉತ್ತರ ಬರುವ ತನಕ ಅಪ್ಪ ಇದ್ದಾನೆ ಎಂದು ಅವಳ ಲೆಕ್ಕ.

"ಅಪ್ಪಾ, ಇವತ್ತ ಸಂಜಿಕ ಲಗೂ ಬರ್ತೀರೇನು?"

"ಹೂಂ."

"ಅಪ್ಪಾ, ಆ ಅಂಗಡಿ ಬಣ್ಣ ಬದಲಿ ಮಾಡ್ಯಾರ ನೋಡ್ರಿ."

"ಹೂಂ."

ಕೇಶ್ವಾಪುರ ಸರ್ಕಲ್ಲಿನ ಗದ್ದಲದಲ್ಲಿ ಒಂದು "ಹೂಂ" ತಡವಾದರೆ ಅವಳು ಅದೇ ಮಾತನ್ನು ಇನ್ನಷ್ಟು ಗಟ್ಟಿಯಾಗಿ ಕೇಳುತ್ತಿದ್ದಳು. ಅಪ್ಪನ ಹೆಗಲ ಮೇಲಿನ ಕೈಗೆ ಅವನ ಮೈಯ ಸಣ್ಣ ಅಲುಗಾಟವೂ ತಿಳಿಯುವಂತಾಗಿತ್ತು. ಸ್ಟೇಶನ್ನಿನ ಕಡೆಯ ಇಳಿಜಾರಿನಲ್ಲಿ ಎದುರಿಗೆ ಬಸ್ಸು ಕಂಡರೆ ಅವಳು ಉಸಿರು ಹಿಡಿದುಬಿಡುತ್ತಿದ್ದಳು. ಸಾಲೆಯ ಗೇಟಿನ ಮುಂದೆ ಇಳಿದ ಮೇಲೂ ನೆಮ್ಮದಿ ಇಲ್ಲ. ಸ್ಕೂಟರು ಮೂಲೆ ದಾಟಿ ಮರೆಯಾದ ಮೇಲೆ ಅಪ್ಪನ ಜೊತೆ ಮಾತಾಡುವವರು ಯಾರೂ ಇರುತ್ತಿರಲಿಲ್ಲ. ಗಣಿತದ ತರಗತಿಯಲ್ಲಿ ಸಾಲೆಯ ಸಿಪಾಯಿ ಬಾಗಿಲಿಗೆ ಬಂದು ನಿಂತರೆ ತನ್ನನ್ನೇ ಕರೆಯಲು ಬಂದನೆಂದು ಅವಳು ಪುಸ್ತಕ ಮುಚ್ಚಿ ಏಳಲು ಹೊರಡುತ್ತಿದ್ದಳು.

ಒಂದು ದಿನ ಮುಖಕ್ಕೆ ಮುಖ ಕೊಟ್ಟು ಕೇಳಿಯೇಬಿಟ್ಟಳು.

"ಅಪ್ಪಾ, ಆಟ ಆಡೂ ಮುಂದ ನಿಮಗ ಏನರ ಆಗತೈತೇನ್ರಿ? ಕರದರೂ ಕೇಳಂಗಿಲ್ಲ ನಿಮಗ."

ಹನಮೇಶ ಮಕ್ಕಳ ಮೇಲೆ ದನಿ ಎತ್ತಿದವನಲ್ಲ. ಅಂದು ಎತ್ತಿದ.

"ಏನಾಗತೈತಿ? ದಣದು ಬಂದಿರ್ತೇನಿ, ಕಣ್ಣು ಹತ್ತಿರ್ತಾವ. ಓದೂದು ಬಿಟ್ಟು ನನ್ನ ಮಾರಿ ನೋಡಕೋಂತ ಕುಂದರತೀಯೇನು?"

ಬೈಗುಳಕ್ಕಿಂತ ಹೆಚ್ಚು ಅವಳನ್ನು ಹೆದರಿಸಿದ್ದು, ಬೈದ ಮೇಲೆ ಅಪ್ಪ ಎಡಗೈಯನ್ನು ಅಂಗಿಯ ಕಿಸೆಯೊಳಗೆ ಅಡಗಿಸಿಕೊಂಡದ್ದು.

ಕೊನೆಗೆ ಅವ್ವನ ಹತ್ತಿರ ಹೋದಳು. ಭುವನೇಶ್ವರಿ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಮಗಳು ಹೇಳುವುದನ್ನೆಲ್ಲ ಬೆನ್ನು ಮಾಡಿ ನಿಂತೇ ಕೇಳಿದಳು. ಕೈಯಲ್ಲಿದ್ದ ಹಸಿ ಸೀರೆಯನ್ನು ತಂತಿಗೆ ಹಾಕಲೂ ಇಲ್ಲ, ಬುಟ್ಟಿಗೆ ಇಡಲೂ ಇಲ್ಲ.

"ಮತ್ಯಾರ ಮುಂದರ ಅಂದೀಯೇನು ಇದನ್ನ?"

"ಇಲ್ಲವಾ."

"ಅನ್ನಬ್ಯಾಡ. ಸುಳ್ಳದಾಗ ನಮ್ಮ ಮನಿ ಹಿಂದ ಒಬ್ಬಾಂವ ಇದ್ದ. ಹಿಂಗ ಶುರು ಆಗಿದ್ದು, ಮುಂದ ಬಿದ್ದು ಒದ್ದಾಡ್ತಿದ್ದ. ಒಬ್ರೂ ಮನಿಯೊಳಗ ಕರೀತಿರಲಿಲ್ಲ ಅವನ್ನ. ಅವನ ತಂಗೀನ್ನ ಯಾರೂ ಮಾಡಿಕೊಳ್ಳಲಿಲ್ಲ. ಮಷೀನ್ ಮುಂದ ನಿಂತು ದುಡಿಯೂ ಮನಶ್ಯಾಗ ಹಿಂಗಂತ ಗೊತ್ತಾದ್ರ ನಾಳೆ ಕೆಲಸಕ್ಕ ಇಟಗೋತಾರೇನು?" ಭುವನೇಶ್ವರಿ ಹಸಿ ಸೀರೆಯನ್ನು ಮತ್ತೊಮ್ಮೆ ಹಿಂಡಿದಳು. "ದಣಿವು ಅದು. ಹಬ್ಬ ಆದ ಮ್ಯಾಲ ಡಾಕ್ಟರ್ ಕಡೆ ಕರಕೊಂಡು ಹೋಗ್ತೇನಿ. ನೀ ಸುಮ್ನಿರು."

ಕಾವೇರಿಗೆ ಆಗ ತಿಳಿಯಿತು. ಅವ್ವನಿಗೂ ಗೊತ್ತಿದೆ. ಕಂಡಿದ್ದಾಳೆ, ಕಂಡು ಬಾಯಿ ಮುಚ್ಚಿಕೊಂಡಿದ್ದಾಳೆ. ಮನೆಯಲ್ಲಿ ಹೇಳಿಕೊಳ್ಳಲು ಇದ್ದ ಒಂದೇ ಬಾಗಿಲೂ ಮುಚ್ಚಿದಂತಾಯಿತು. ಹಬ್ಬ ಬಂತು, ಹೋಯಿತು. ಡಾಕ್ಟರ ಹತ್ತಿರ ಯಾರೂ ಹೋಗಲಿಲ್ಲ.

ಹನಮೇಶನ ಜೊತೆಗೆ ಕೆಲಸ ಮಾಡುವ ಅಬ್ದುಲಮಜೀದನ ಮಗಳ ಮದುವೆ ಒಂದು ರವಿವಾರ ಮಧ್ಯಾಹ್ನಕ್ಕೆ ಗಬ್ಬೂರಿನಲ್ಲಿತ್ತು. ಭುವನೇಶ್ವರಿಗೆ ಜ್ವರ. "ನೀವು ಮೂವರೂ ಹೋಗಿ ಬರ್ರಿ, ಹೋಗದಿದ್ರ ಛಲೋ ಅಲ್ಲ," ಅಂದಳು. ಕಾವೇರಿ ಹೊಟ್ಟೆನೋವೆಂದು ಹೇಳಬೇಕೆಂದುಕೊಂಡಳು. ಆದರೆ ಹೊಸ ಅಂಗಿ ತೊಟ್ಟು ಮುತ್ತು ಆಗಲೇ ಸ್ಕೂಟರಿನ ಮುಂದೆ, ಅಪ್ಪ ಕಾಲಿಡುವ ಜಾಗದಲ್ಲಿ ಹತ್ತಿ ನಿಂತಿದ್ದ. ತಾನು ಹೋಗದಿದ್ದರೆ ಅವನೊಬ್ಬನೇ ಅಪ್ಪನ ಜೊತೆ ಹೋಗುತ್ತಾನೆ.

"ಅಪ್ಪಾ, ಬಸ್ಸಿಗೆ ಹೋಗೂಣ್ರಿ. ಬಿಸಿಲು ಭಾಳ ಐತಿ."

"ಸ್ಕೂಟರ್ ಇದ್ದಾಗ ಬಸ್ ಯಾಕ?"

"ಹಂಗಾರ ಮುತ್ತುನ್ನ ಹಿಂದ, ನಿಮಗೂ ನನಗೂ ನಡಕ ಕೂಡಸ್ರಿ. ನಾ ಹಿಡಕೋತೇನಿ."

ಮುತ್ತು ಹ್ಯಾಂಡಲ್ಲಿನ ನಡುವಿನ ಭಾಗವನ್ನು ಎರಡೂ ಕೈಯಿಂದ ಅಪ್ಪಿಕೊಂಡು ಅಳಲು ಶುರುಮಾಡಿದ. ಅವನಿಗೆ ಮುಂದೆಯೇ ನಿಲ್ಲಬೇಕು, ಗಾಳಿ ಮುಖಕ್ಕೆ ಬೀಸಬೇಕು. ಹನಮೇಶ ಮಗಳ ಕಡೆ ಒಮ್ಮೆ ನೋಡಿದ. ಏನೋ ಹೇಳುವವನಂತೆ ಬಾಯಿ ತೆರೆದ. ಆಮೇಲೆ "ನಿಲ್ಲಲಿ ಬಿಡು, ದಿನಾ ನಿಲ್ತಾನ," ಎಂದು ಕಿಕ್ ಹೊಡೆದ.

ಊರೊಳಗಿನ ದಾರಿಯಲ್ಲಿ ಏನೂ ಆಗಲಿಲ್ಲ. ಕಾವೇರಿ ಮಾತಾಡುತ್ತಲೇ ಇದ್ದಳು. ಮದುಮಗಳ ಹೆಸರೇನು, ವರ ಯಾವ ಊರಿನವನು, ಊಟಕ್ಕೆ ಏನಿರುತ್ತದೆ. ಹನಮೇಶ ಒಂದೊಂದಕ್ಕೂ ಉತ್ತರ ಕೊಟ್ಟ. ಚನ್ನಮ್ಮ ಸರ್ಕಲ್ಲು ದಾಟಿ, ಹಳೇ ಹುಬ್ಬಳ್ಳಿ ಬಿಟ್ಟು, ಅಂಗಡಿಗಳು ತೆಳುವಾಗಿ ಬಯಲು ಕಾಣಿಸತೊಡಗಿದಾಗ ಅವಳ ಜೀವ ಸ್ವಲ್ಪ ಹಗುರಾಯಿತು. ಇನ್ನೇನು ಬಂದೇಬಿಟ್ಟಿತು ಎಂದುಕೊಂಡಳು. ಬೈಪಾಸ್ ಕೂಡುವಲ್ಲಿ ರಸ್ತೆ ಅಗಲವಾಯಿತು. ಲಾರಿಗಳು ಒಂದರ ಹಿಂದೊಂದು ಮೈ ನಡುಗಿಸುತ್ತ ಎದುರಿನಿಂದ ಬರುತ್ತಿದ್ದವು.

"ಅಪ್ಪಾ, ಮದವಿ ಮನಿ ರಸ್ತಾದ ಯಾವ ಕಡೆ ಬರತೈತ್ರಿ?"

ಗಾಳಿಯ ಸದ್ದು.

"ಅಪ್ಪಾ?"

ಹೆಗಲ ಮೇಲಿದ್ದ ಅವಳ ಕೈಗೆ ಮೊದಲು ತಿಳಿಯಿತು. ಆ ಹೆಗಲು ಇದ್ದಕ್ಕಿದ್ದಂತೆ ಮರದ ಹಾಗೆ ಆಗಿತ್ತು. ಬದಿಗೆ ಬಾಗಿ ನೋಡಿದಳು. ಕನ್ನಡಿಯಲ್ಲಿ ಅಪ್ಪನ ಬಾಯಿ ಕಂಡಿತು. ಚಪ್ಪರಿಸುತ್ತಿತ್ತು.

ಮುಂದೆ ರಸ್ತೆ ಎಡಕ್ಕೆ ತಿರುಗುತ್ತಿತ್ತು. ಸ್ಕೂಟರು ತಿರುಗಲಿಲ್ಲ. ವೇಗವೂ ಇಳಿಯಲಿಲ್ಲ, ಅಪ್ಪನ ಬಲಗೈ ಆಕ್ಸಿಲರೇಟರನ್ನು ತಿರುವಿ ಹಿಡಿದದ್ದು ಹಿಡಿದಂತೆಯೇ ಇತ್ತು. ಅವರು ನೇರವಾಗಿ, ನಡುಗೆರೆ ದಾಟಿ, ಬಲಬದಿಗೆ ಹೊರಟಿದ್ದರು. ಎದುರಿನಿಂದ ಬರುತ್ತಿದ್ದ ಲಾರಿ ದೀಪ ಮಿನುಗಿಸಿತು, ಹಾರ್ನ್ ಒತ್ತಿತು, ಒತ್ತಿದ್ದನ್ನು ಬಿಡಲೇ ಇಲ್ಲ. ಮುಂದೆ ನಿಂತಿದ್ದ ಮುತ್ತು ತಿರುಗಿ ಅಪ್ಪನ ಮುಖ ನೋಡಿ "ಅಪ್ಪಾ, ಅಪ್ಪಾ" ಎಂದು ಅಳತೊಡಗಿದ.

ಹೆದರಿಕೆ ಎಂದರೆ ಮೈ ನಡುಗುವುದು ಎಂದು ಅಲ್ಲಿಯ ತನಕ ಕಾವೇರಿ ತಿಳಿದಿದ್ದಳು. ಆಗ ಮೈ ನಡುಗಲಿಲ್ಲ. ಎಲ್ಲ ಸದ್ದೂ ದೂರ ಹೋಯಿತು, ಲಾರಿಯ ಮುಖ ಒಂದೇ ಹತ್ತಿರವಾಗುತ್ತ ಬಂತು. ಅದರ ಹಣೆಗೆ ಕಟ್ಟಿದ್ದ ನಿಂಬೆಹಣ್ಣು ಮೆಣಸಿನಕಾಯಿ ಕೂಡ ಕಾಣಿಸಿತು. ಅವಳು ಅಪ್ಪನ ಬೆನ್ನಿಗೆ ಎದೆ ಆನಿಸಿ, ಎರಡೂ ಕಡೆಯಿಂದ ಕೈ ಚಾಚಿ, ಅವನ ಮೊಣಕೈಗಳ ಕೆಳಗೆ ಹಿಡಿದಳು. ಎಡಗೈಯನ್ನು ತನ್ನತ್ತ ಜಗ್ಗಿ, ಬಲಗೈಯನ್ನು ಮುಂದಕ್ಕೆ ದೂಡಿ, ಇಡೀ ಮೈಭಾರವನ್ನು ಎಡಕ್ಕೆ ಎಸೆದಳು. ಸ್ಕೂಟರು ಒಮ್ಮೆ ನುಲಿಯಿತು. ಲಾರಿ ಅವರ ಬಲಬದಿಗೆ ಗೋಡೆಯಂತೆ ಸರಿದುಹೋಯಿತು. ಅದರ ಬಿಸಿಗಾಳಿ ಕಿವಿಗೆ ಹೊಡೆಯಿತು. ಚಕ್ರ ಡಾಂಬರು ಬಿಟ್ಟು ರಸ್ತೆಬದಿಯ ಗೊರಚುಮಣ್ಣಿಗಿಳಿಯಿತು, ಜಾಲಿಯ ಮುಳ್ಳುಕಂಟಿಗೆ ನುಗ್ಗಿತು. ಆಮೇಲೆ ಆಕಾಶ ಕೆಳಗೆ ಬಂತು.

ಕಣ್ಣು ಬಿಟ್ಟಾಗ ಸ್ಕೂಟರು ಮಗ್ಗುಲಾಗಿ ಬಿದ್ದು ಇನ್ನೂ ಗುಡುಗುತ್ತಿತ್ತು. ಅವಳ ಮೊಣಕೈಯ ತೊಗಲು ಕಿತ್ತುಹೋಗಿತ್ತು. ಮುತ್ತು ಚರಂಡಿಯ ಅಂಚಿಗೆ ಬಿದ್ದಿದ್ದ. ಅವನು ಅಳುತ್ತಿರಲಿಲ್ಲ. ಅವಳು ತೆವಳಿಕೊಂಡು ಹೋಗಿ ಅವನನ್ನು ತಿರುಗಿಸಿದಳು. ಬಾಯಿ ತುಂಬ ರಕ್ತ, ಎಡಗೈ ಬಾಗಬಾರದ ಕಡೆ ಬಾಗಿತ್ತು. "ಮುತ್ತು, ಮುತ್ತು" ಎಂದು ಕೆನ್ನೆ ತಟ್ಟಿದಳು. ಅವನು ಉಸಿರೆಳೆದುಕೊಂಡು ಚೀರಿದ. ಆ ಚೀರುವಿಕೆಯಷ್ಟು ಇಂಪಾದದ್ದನ್ನು ಅವಳು ಜನ್ಮದಲ್ಲಿ ಕೇಳಿರಲಿಲ್ಲ.

ರಸ್ತೆಬದಿಯ ಚಹಾದಂಗಡಿಯ ಲಾಲಬಿ ಎಂಬ ಮುದುಕಿ ನೀರಿನ ತಂಬಿಗೆ ಹಿಡಿದು ಓಡಿಬಂದಳು. ಹಿಂದೆಯೇ ನಾಲ್ಕು ಜನ.

"ಕುಡದಾನೇನು ನೋಡ್ರಿ," ಅಂದ ಒಬ್ಬ.

"ವಾಸನಿ ಇಲ್ಲ. ಸ್ಕೂಟರ್ ಮ್ಯಾಲ ನಿದ್ದಿ ಹೊಡದಾನ," ಅಂದ ಇನ್ನೊಬ್ಬ.

ಹನಮೇಶ ಕಂಟಿಯ ಬುಡದಲ್ಲಿ ಕೂತಿದ್ದ. ಹಣೆಯಿಂದ ರಕ್ತ ಇಳಿಯುತ್ತಿತ್ತು. ಮಗನನ್ನು, ಸ್ಕೂಟರನ್ನು, ಜನರನ್ನು ಒಂದೊಂದಾಗಿ ನೋಡಿದ. ಏನಾಯಿತೆಂದು ಅವನಿಗೆ ತಿಳಿದಿಲ್ಲವೆಂಬುದು ಕಾವೇರಿಗೆ ಗೊತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಅವನ ಮುಖದಲ್ಲಿ ತಿಳಿವು ಮೂಡಿತು, ಅದರ ಬೆನ್ನಿಗೇ ಒಂದು ಸುಳ್ಳೂ ಹುಟ್ಟಿತು.

"ನಾಯಿ ಅಡ್ಡ ಬಂತು," ಅಂದ. "ತಪ್ಪಿಸಾಕ ಹೋದೆ."

ಹೇಳಿ ಮಗಳ ಕಡೆ ನೋಡಿದ. ಯಾರ ಮುಂದೂ ಕೈಚಾಚದ ಅಪ್ಪ ಆ ಒಂದು ನೋಟದಲ್ಲಿ ಅವಳ ಕಾಲು ಹಿಡಿದಿದ್ದ.

ಲಾಲಬಿ ತಡೆದು ನಿಲ್ಲಿಸಿದ ಟೆಂಪೋದಲ್ಲಿ ಅವರು ಊರೊಳಗಿನ ಒಂದು ಖಾಸಗಿ ದವಾಖಾನೆ ಸೇರಿದರು. ಮುತ್ತುವಿನ ಕೈಯೆಲುಬು ಮುರಿದಿತ್ತು, ಮುಂದಿನ ಹಲ್ಲುಗಳು ಹೋಗಿದ್ದವು. ಸುದ್ದಿ ತಿಳಿದು ಭುವನೇಶ್ವರಿ ಜ್ವರದ ಮೈಯಲ್ಲೇ ಮೆಹಬೂಬನ ಗಾಡಿಯಲ್ಲಿ ಬಂದಳು. ಎಲುಬಿನ ಡಾಕ್ಟರು ಹನಮೇಶನ ಹಣೆಗೆ ಹೊಲಿಗೆ ಹಾಕಿಸುತ್ತ ಹೇಗಾಯಿತೆಂದು ಕೇಳಿದರು. ಅವನು ನಾಯಿಯ ಮಾತನ್ನೇ ಹೇಳಿದ. ಭುವನೇಶ್ವರಿ ಮಗಳ ಕೈಯನ್ನು ಗಟ್ಟಿಯಾಗಿ ಅದುಮಿದಳು. ಅದು ಸಮಾಧಾನದ ಹಿಡಿತವಾಗಿರಲಿಲ್ಲ.

ಕಾವೇರಿ ಗೋಡೆಗೆ ಆತುಕೊಂಡು ನಿಂತಿದ್ದಳು. ಈಗ ಬಾಯಿಬಿಟ್ಟರೆ ಅಪ್ಪನ ಕೆಲಸ ಹೋಗಬಹುದು. ಓಣಿಯವರು ಬಾಗಿಲು ಹಾಕಿಕೊಳ್ಳಬಹುದು. ಅಪ್ಪ ತನ್ನ ಮುಖವನ್ನೇ ನೋಡದೆ ಇರಬಹುದು. ಸುಮ್ಮನಿದ್ದರೆ ನಾಳೆ ಸ್ಕೂಟರು ರಿಪೇರಿಯಾಗಿ ಬರುತ್ತದೆ. ಲೇಥ್ ಮಷೀನು ಅಲ್ಲೇ ತಿರುಗುತ್ತಿರುತ್ತದೆ. ಒಳಗಿನ ಕೋಣೆಯಿಂದ ಮುತ್ತು ಅಳುವುದು ಕೇಳುತ್ತಿತ್ತು. ಅವಳು ಅವ್ವನ ಹಿಡಿತದಿಂದ ಕೈ ಬಿಡಿಸಿಕೊಂಡಳು.

"ನಾಯಿ ಇದ್ದಿದ್ದಿಲ್ಲ್ರಿ."

ಡಾಕ್ಟರು ತಿರುಗಿ ನೋಡಿದರು.

"ಅಪ್ಪಗ ಎಚ್ಚರ ಇರಲಿಲ್ಲ. ಕಣ್ಣು ತೆರದಿದ್ದೂವು, ಆದರ ಎಚ್ಚರ ಇರಲಿಲ್ಲ. ಮನ್ಯಾಗೂ ಹಿಂಗ ಆಗತೈತಿ."

"ಕಾವೇರಿ," ಅಂದಳು ಭುವನೇಶ್ವರಿ, ಹಲ್ಲು ಕಚ್ಚಿ.

"ಇಲ್ಲವಾ, ನಾ ಹೇಳಾಕಿನ. ಮುತ್ತು ಸತ್ತು ಹೋಗ್ತಿದ್ದ."

ಹನಮೇಶ ಮಂಚದ ಮೇಲೆ ತಲೆತಗ್ಗಿಸಿದ.

ಎರಡು ದಿನ ಬಿಟ್ಟು ನರದ ಡಾಕ್ಟರಮ್ಮನ ಮುಂದೆ ಕೂತಾಗ, ಹನಮೇಶನಿಗಿಂತ ಹೆಚ್ಚು ಪ್ರಶ್ನೆಗಳನ್ನು ಆಕೆ ಕಾವೇರಿಗೆ ಕೇಳಿದರು. ಅಂಥ ಹೊತ್ತಿನಲ್ಲಿ ಏನಾಗುತ್ತದೆಂದು ರೋಗಿಗೆ ತಿಳಿಯುವುದಿಲ್ಲ, ನೋಡಿದವರೇ ಹೇಳಬೇಕು. ಕಾವೇರಿ ಆಟದ ಬಗ್ಗೆ ಹೇಳಿದಳು. ತಿರುಗದೆ ಹೋದ ಕಾರು, ಗುಂಡಿ ಬಿಡದ ಬೆರಳು, ಲುಂಗಿಯ ಅಂಚು ಚಿವುಟುವ ಕೈ, ತುಟಿ. ಡಾಕ್ಟರು ನಡುವೆ ಎಲ್ಲೂ ಬಾಯಿ ಹಾಕದೆ ಕೇಳಿದರು.

ಸ್ಕ್ಯಾನಿನಲ್ಲಿ ಮಿದುಳಿನ ಒಂದು ಬದಿಗೆ ಹಳೆಯ ಕಲೆಯೊಂದು ಕಂಡಿತು. ಇದೂ ಮೂರ್ಛೆರೋಗವೇ, ಬಿದ್ದು ಒದ್ದಾಡುವುದೊಂದೇ ಅದರ ರೂಪವಲ್ಲ ಎಂದರು ಡಾಕ್ಟರು. ಗುಳಿಗೆಯಿಂದ ಹಿಡಿತಕ್ಕೆ ಬರುತ್ತದೆ, ತಪ್ಪಿಸಬಾರದು. ತಾವು ಹೇಳುವ ತನಕ ಗಾಡಿ ಮುಟ್ಟಬಾರದು, ತಿರುಗುವ ಮಷೀನಿನ ಮುಂದೆ ನಿಲ್ಲಬಾರದು.

"ಆ ಗೇಮಿನಿಂದ ಬಂತೇನ್ರಿ ಇದು?" ಎಂದು ಭುವನೇಶ್ವರಿ ಕೇಳಿದಳು.

"ಇಲ್ಲ. ಗೇಮ್ ಇರಲಿಕ್ಕಂದ್ರೂ ಬರೂದು ಬರ್ತಿತ್ತು. ನಿಮ್ಮ ಮಗಳ ಕಣ್ಣಿಗೆ ಬೀಳ್ತಿರಲಿಲ್ಲ, ಅಷ್ಟ."

ಈ ಮಾತು ಸುಳ್ಳದಿಂದ ಬಂದ ಅಜ್ಜಿ ಹೊಳೆವ್ವನಿಗೆ ಒಪ್ಪಿಗೆಯಾಗಲಿಲ್ಲ. "ಆ ಡಬ್ಬಿ ಒಳಗ ಬಂದ ಮ್ಯಾಲೇ ನನ್ನ ಮಗಗ ಹಿಂಗಾತು," ಎಂದು ಹಟ ಹಿಡಿದು, ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ತಾನೇ ಮೆಹಬೂಬನ ಅಂಗಡಿಗೆ ಹೋಗಿ ಇಟ್ಟು ಬಂದಳು. ಯಾರೂ ತಡೆಯಲಿಲ್ಲ.

ವರ್ಕ್‌ಶಾಪಿನ ಮಾಲೀಕನಿಗೆ ವಿಷಯ ತಿಳಿಸಲು ಹನಮೇಶ ಅಬ್ದುಲಮಜೀದನನ್ನು ಜೊತೆಗೆ ಕರೆದುಕೊಂಡು ಹೋದ. ಕೆಲಸ ಹೋಗುತ್ತದೆಂದೇ ಮನೆಯಲ್ಲಿ ಎಲ್ಲರೂ ಕಾದು ಕೂತಿದ್ದರು. ಮಾಲೀಕ ಅವನನ್ನು ಲೇಥಿನಿಂದ ಬಿಡಿಸಿ ಸಾಮಾನಿನ ಕೋಣೆಯ ಕೆಲಸಕ್ಕೆ ಹಾಕಿದ. ಓಣಿಯಲ್ಲಿ ಒಂದಿಬ್ಬರು ಹನಮೇಶನನ್ನು ಕಂಡರೆ ಆಚೆ ಬದಿಗೆ ಸರಿದು ಹೋಗತೊಡಗಿದ್ದು ನಿಜ. ಉಳಿದವರು ಮೊದಲಿನ ಹಾಗೆಯೇ ಚಹಾಕ್ಕೆ ಕರೆದರು. ಭುವನೇಶ್ವರಿ ಹೆದರಿದಷ್ಟು ಕೆಟ್ಟದ್ದಾಗಲಿಲ್ಲ. ಆದರೆ ಅವಳ ಹೆದರಿಕೆ ಪೂರ್ತಿ ಸುಳ್ಳೂ ಆಗಲಿಲ್ಲ.

ಅಪ್ಪ ಮಾತ್ರ ಕಾವೇರಿಯೊಂದಿಗೆ ಮಾತಾಡಲಿಲ್ಲ. ಸಿಟ್ಟಿಲ್ಲ, ಬೈಗುಳವಿಲ್ಲ, ಅವಳು ಕೋಣೆಗೆ ಬಂದರೆ ಅವನು ಏನೋ ನೆನಪಾದವನಂತೆ ಹೊರಗೆ ಹೋಗುತ್ತಿದ್ದ. ಅವಳು ದಿನಾ ಅವನ ಗುಳಿಗೆ, ನೀರು ಇಟ್ಟು ಸರಿಯುತ್ತಿದ್ದಳು. ನೋಡಬಾರದೆಂದರೂ ಕಣ್ಣು ಅವನ ತುಟಿಯ ಮೇಲೆಯೇ ಹೋಗುತ್ತಿತ್ತು.

ಮುತ್ತುವಿನ ಕೈಯ ಪ್ಲಾಸ್ಟರ್ ತೆಗೆಸುವ ದಿನ ಮೂವರೂ ಸಿಟಿ ಬಸ್ಸಿನಲ್ಲಿ ಹೋದರು. ಬರುವಾಗ ಬಸ್ಸು ಅರ್ಧ ಖಾಲಿಯಿತ್ತು. ಮುತ್ತು ಕಿಟಕಿಯ ಪಕ್ಕ ಕೂತು, ಬಿಳಿಚಿ ತೆಳ್ಳಗಾದ ತನ್ನ ಕೈಯನ್ನು ಬೇರೆ ಯಾರದೋ ಎಂಬಂತೆ ತಿರುಗಿಸಿ ನೋಡಿಕೊಳ್ಳುತ್ತಿದ್ದ. ಹನಮೇಶ ಕಾವೇರಿಯ ಪಕ್ಕದ ಸೀಟಿಗೆ ಬಂದು ಕೂತ.

"ಆ ಗೇಮ್ ಬರೂಕಿಂತ ಮೊದಲ, ಹ್ವಾದ ವರ್ಷದ ದೀಪಾವಳಿಗೆ ಮೊದಲನೇ ಸಲ ಆಗಿದ್ದು," ಅಂದ, ಎದುರಿನ ಸೀಟಿನ ಬೆನ್ನು ನೋಡುತ್ತ. "ಹೊಟ್ಟ್ಯಾಗಿಂದ ಏನೋ ಮ್ಯಾಲ ಏರಿ ಬಂದಂಗ ಆಗೂದು. ಆಮ್ಯಾಲ ಏನೂ ಇಲ್ಲ. ಎಚ್ಚರಾದಾಗ ಮಷೀನ್ ತಿರಗತಿತ್ತು, ನನ್ನ ಬೆರಳು ಅದರ ಬಾಜೂಕ ಇದ್ದೂವು. ಅವತ್ತ ಯಾರಿಗರ ಹೇಳಬೇಕಿತ್ತು. ಬಾಯಿಲೆ ಅಂದ್ರ ಅದು ಖರೇ ಆಗಿಬಿಡತೈತಿ ಅನಿಸ್ತು. ದಿನಾ ಅಂಜಿಕೋಂತ ಹೋಗಿ ಅಂಜಿಕೋಂತ ಬರ್ತಿದ್ನಿ."

"ನಾನೂ ಅಂಜಿಕೋಂತನ ಹಿಂದ ಕುಂದರತಿದ್ನಿ," ಅಂದಳು ಕಾವೇರಿ. ಅವಳ ದನಿ ಗಟ್ಟಿಯಾಗಿತ್ತು, ಅವಳಿಗೇ ಆಶ್ಚರ್ಯವಾಗುವಷ್ಟು. "ಆದರ ಒಂದು ಕೇಳ್ತೇನ್ರಿ ಅಪ್ಪಾ. ಅವತ್ತ ಮುತ್ತು ಮುಂದ ನಿಂತಾಗ, ಅವನ್ನ ಹಿಂದ ಕೂಡಸ್ರಿ ಅಂತ ನಾ ಅಂದಾಗ, ಹಿಂಗಾಗಬಹುದಂತ ನಿಮಗ ಗೊತ್ತಿತ್ತಲ್ಲ?"

ಬಸ್ಸು ನಿಂತಿತು. ಯಾರೋ ಹತ್ತಿದರು, ಯಾರೋ ಇಳಿದರು. ಕಂಡಕ್ಟರು ಸೀಟಿ ಊದಿದ.

"ಗೊತ್ತಿತ್ತವಾ," ಅಂದ ಹನಮೇಶ.

ಅವಳಿಗೆ ಅಳು ಬಂತು. ಅಪ್ಪನ ಮೇಲೆ ಕರುಣೆಯೋ ಸಿಟ್ಟೋ ಬಿಡಿಸಿ ಹೇಳಲಾಗದ ಅಳು. ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ ಅವನ ಕೈಯಿತ್ತು. ಅವಳು ಮುಟ್ಟಲಿಲ್ಲ. ಹಾಗೆಂದು ಎದ್ದು ಬೇರೆ ಸೀಟಿಗೂ ಹೋಗಲಿಲ್ಲ. ಮುತ್ತು ಹಲ್ಲಿಲ್ಲದ ಬಾಯಿಯಿಂದ ಹಸಿವೆಯಾಗಿದೆ ಎಂದ. ಹನಮೇಶ ಕಿಸೆಯಿಂದ ಶೇಂಗಾದ ಪೊಟ್ಟಣ ತೆಗೆದು, ಸಿಪ್ಪೆ ಸುಲಿದು, ಕಾಳನ್ನು ಬೆರಳಲ್ಲಿ ಒಡೆದು ಸಣ್ಣದು ಮಾಡಿ ಮಗನ ಅಂಗೈಗೆ ಒಂದೊಂದೇ ಹಾಕತೊಡಗಿದ. ಅಪ್ಪನ ಬೆರಳುಗಳನ್ನು ನೋಡುತ್ತ ಕಾವೇರಿ ಬೆಂಗೇರಿ ಬರುವ ತನಕ ಕೂತಳು.